ವ್ರಣದೊಳಗಣ ಸ್ಪಂಜು



ಮಾನ್ವಿಯ ಕೆಸರುಗದ್ದೆಯಲ್ಲಿ ಬರಿಗಾಲಿನಿಂದ ಭತ್ತದ ನಾಟಿ ಹಚ್ಚುವ ಹೆಣ್ಣುಮಗಳಾಗಲಿ, ದೇವದುರ್ಗದ ಎರೆಹೊಲದ ಬದುವಿನಲ್ಲಿ ಜಾಲಿಮುಳ್ಳು ತುಳಿದ ರೈತನಾಗಲಿ, ಚುಚ್ಚಿದುದನ್ನು ಕಿತ್ತೆಸೆದು, ಚಿಟಿಕೆ ಅರಿಶಿನ ಮೆತ್ತಿ, ಮರಳಿ ಕೆಲಸಕ್ಕಿಳಿಯುವುದೇ ಈ ರಾಯಚೂರು ದುಆಬದ ರೂಢಿಯಾಗಿರುವುದಷ್ಟೆ. ಬಹುಮಟ್ಟಿಗೆ ಅದರಿಂದ ಕೆಡುಕೇನೂ ಆಗುವುದಿಲ್ಲ. ಆದರೆ ಮುಳ್ಳಿನ ಸಂಗಡ ಮಣ್ಣಿನ ಶಿಲೀಂಧ್ರವೂ ಒಳಹೊಕ್ಕರೆ, ನೋವಿಲ್ಲದ ಒಂದು ಗಂಟು ವರ್ಷಾನುವರ್ಷ ಬೆಳೆದು, ರಂಧ್ರಗಳಾಗಿ ಒಡೆದು, ಕಡೆಗೆ ಎಲುಬನ್ನೇ ತಿನ್ನತಕ್ಕ ವ್ಯಾಧಿಯಾಗಿ ಪರಿಣಮಿಸುವ ಸಂಭವವುಂಟು. ಮದುರೆಯಲ್ಲಿ ಗಿಲ್ ಎಂಬ ವೈದ್ಯನು 1842ರಲ್ಲಿ ವರ್ಣಿಸಿದುದರಿಂದ ಅದಕ್ಕೆ ಮದುರಾ ಪಾದವೆಂಬ ಹೆಸರಾಯಿತು. ವಿಶ್ವ ಆರೋಗ್ಯ ಸಂಸ್ಥೆಯು ಅದನ್ನು ಉಪೇಕ್ಷಿತ ರೋಗಗಳ ಪಟ್ಟಿಗೆ ಸೇರಿಸಿದುದು 2016ರಲ್ಲಿ. ಬಡವರ ಕಾಲಿನ ಹುಣ್ಣಿಗೆ ಲೋಕದ ಗಮನ ಬರಲು ಅಷ್ಟು ಕಾಲ ಹಿಡಿಯಿತು.

ಇದಕ್ಕಿಂತ ಕ್ಷಿಪ್ರವಾದುದು ಮ್ಯೂಕರ್ ವರ್ಗದ ಸೋಂಕು. 2021ರ ಬೇಸಗೆಯಲ್ಲಿ ಕರ್ನಾಟಕವು ಕಪ್ಪು ಶಿಲೀಂಧ್ರವೆಂಬ ಹೆಸರಿನಿಂದ ಇದನ್ನೇ ಕಂಡು ತಲ್ಲಣಿಸಿತು. ಆಗ ಅದು ಬಂದುದು ಮೂಗಿನ ಮಾರ್ಗವಾಗಿ. ಗಾಯದ ಮಾರ್ಗವಾಗಿಯೂ ಬರುತ್ತದೆ. ಅಮೆರಿಕದ ಜಾಪ್ಲಿನ್ ಪಟ್ಟಣವನ್ನು 2011ರಲ್ಲಿ ಸುಂಟರಗಾಳಿ ಹೊಡೆದಾಗ, ಮಣ್ಣು ಮರದ ಸಿಬಿರುಗಳಿಂದ ಗಾಯಗೊಂಡವರಲ್ಲಿ 13 ಮಂದಿಗೆ ಈ ಸೋಂಕು ತಗಲಿ, ಐವರು ಮಡಿದರು. ಅಲ್ಲಿ ದೊರೆತುದು ಅಪೋಫಿಸೊಮೈಸಿಸ್ ಎಂಬ ಕುಲದ ಶಿಲೀಂಧ್ರ; ಆ ಕುಲವನ್ನು 1979ರಲ್ಲಿ ಮೊತ್ತಮೊದಲು ಗುರುತಿಸಿದುದಾದರೋ ನಮ್ಮ ಭಾರತದ್ದೇ ಒಂದು ಮಾವಿನತೋಪಿನ ಮಣ್ಣಿನಲ್ಲಿ.

ಇದಕ್ಕೆ ಮದ್ದಿಲ್ಲವೆ? ಉಂಟು. ವೆನೆಜುವೆಲದ ಒರಿನೊಕೊ ನದೀತೀರದ ಮಣ್ಣಿನ ಸೂಕ್ಷ್ಮಜೀವಿಯಿಂದ ದೊರೆತ ಆಂಫೊಟೆರಿಸಿನ್-ಬಿ ಎಂಬುದು ಕಳೆದ ಶತಮಾನದ ಐವತ್ತರ ದಶಕದಿಂದಲೂ ಬಳಕೆಯಲ್ಲಿದೆ. ಆದರೆ ರಕ್ತನಾಳಕ್ಕೆ ಹರಿಸಿದ ಆ ಔಷಧವು ಮೂತ್ರಪಿಂಡಗಳನ್ನು ಪೀಡಿಸುತ್ತದೆ. ಅದಕ್ಕಿಂತ ಮಿಗಿಲಾಗಿ, ಈ ಶಿಲೀಂಧ್ರವು ರಕ್ತನಾಳಗಳನ್ನೇ ಹೊಕ್ಕು ಮುಚ್ಚಿಬಿಡುವುದರಿಂದ, ಔಷಧವು ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಹೋಗುವ ದಾರಿಯೇ ಇರುವುದಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಗೆ ಮೇಲೆ ಎಷ್ಟು ನೀರು ಬಿಟ್ಟರೂ ಟೇಲೆಂಡಿನ ಹೊಲ ಒಣಗುವುದನ್ನು ಕಂಡ ಮಾನ್ವಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದುದರಿಂದಲೇ ಔಷಧವನ್ನು ವ್ರಣದೊಳಗೇ ಇರಿಸುವ ಯತ್ನ ಹುಟ್ಟಿತು. ಸಿಗಡಿ ಏಡಿಗಳ ಚಿಪ್ಪಿನಲ್ಲಿರುವ ಕೈಟಿನ್ ಎಂಬ ದ್ರವ್ಯವನ್ನು ತೀಕ್ಷ್ಣ ಕ್ಷಾರದಿಂದ ಸಂಸ್ಕರಿಸಿದರೆ ಕೈಟೊಸಾನ್ ಆಗುತ್ತದೆ. ಅದನ್ನು ಮೃದುವಾದ ಆಮ್ಲದಲ್ಲಿ ಕರಗಿಸಿ, ಹೆಪ್ಪುಗಟ್ಟಿಸಿ, ನಿರ್ವಾತದಲ್ಲಿ ಒಣಗಿಸಲು, ಮಂಜು ನೇರವಾಗಿ ಆವಿಯಾಗಿ ಹೋಗಿ, ಅದಿದ್ದ ಎಡೆಯೆಲ್ಲ ರಂಧ್ರವಾಗಿ, ಹಗುರವಾದ ಸ್ಪಂಜೊಂದು ಉಳಿಯುತ್ತದೆ. ಮೆಂಫಿಸ್ ವಿಶ್ವವಿದ್ಯಾನಿಲಯದ ಸಂಶೋಧಕರು ಇಂಥ ಸ್ಪಂಜಿಗೆ ಆಂಫೊಟೆರಿಸಿನ್ನನ್ನೂ ಬ್ಯಾಕ್ಟೀರಿಯಗಳ ಮದ್ದಾದ ವ್ಯಾಂಕೊಮೈಸಿನ್ನನ್ನೂ ಹೀರಿಸಿ ಪರೀಕ್ಷಿಸಿದ್ದಾರೆ. ನಮ್ಮ ಕಣ್ಣೀರಿನಲ್ಲೂ ದೇಹದ್ರವಗಳಲ್ಲೂ ಇರುವ ಲೈಸೊಜೈಮ್ ಎಂಬ ಕಿಣ್ವವು ಕೈಟೊಸಾನನ್ನು ಮೆಲ್ಲಮೆಲ್ಲನೆ ಜೀರ್ಣಿಸಿಬಿಡುವುದರಿಂದ, ಇಟ್ಟುದನ್ನು ತೆಗೆಯಲು ಮರಳಿ ಕೊಯ್ಯಬೇಕಿಲ್ಲ. ಶಸ್ತ್ರಚಿಕಿತ್ಸೆಯ ಮೇಜಿನ ಪಕ್ಕದಲ್ಲೇ ಔಷಧವನ್ನು ಹೀರಿಸಬಹುದಾದುದು ನಮ್ಮ ರಾಯಚೂರಿನಂಥ ಉರಿಬಿಸಿಲ ಊರಿಗೆ ಸಣ್ಣ ಸಂಗತಿಯಲ್ಲ. ಸ್ಪಂಜು ಒಣಗಿ ಕಾದಿರಲಿ, ಶೈತ್ಯದಲ್ಲಿ ಇರಬೇಕಾದುದು ಔಷಧದ ಸೀಸೆ ಮಾತ್ರ.

ಆದರೂ ಇದನ್ನು ರಾಮಬಾಣವೆಂದು ಸಾರುವವರ ಸಂಗಡ ನಾನಿಲ್ಲ. ಔಷಧವೆಲ್ಲ ಮೊದಲ ದಿನವೇ ಸೋರಿಹೋದರೆ ಸ್ಪಂಜು ವ್ಯರ್ಥ. ಸ್ಪಂಜು ಕರಗದೆ ಬಹುಕಾಲ ನಿಂತರೆ ಅದೇ ಸೋಂಕಿಗೆ ಮನೆ. ಸತ್ತ ಮಾಂಸವನ್ನು ಶಸ್ತ್ರವೈದ್ಯನು ಕೊಯ್ದು ತೆಗೆಯದ ಹೊರತು ಸ್ಪಂಜಿಗೆ ಅಲ್ಲಿ ಕೆಲಸವೇ ಇಲ್ಲ.

ಅದಕ್ಕೂ ಮೊದಲು ವ್ರಣದಲ್ಲಿರುವುದು ಶಿಲೀಂಧ್ರವೆಂಬುದು ತಿಳಿಯಬೇಕಷ್ಟೆ. ಇಲ್ಲಿ ಒಂದು ಸ್ವಾರಸ್ಯವಿದೆ. ಕೈಟಿನ್ನನ್ನು 1811ರಲ್ಲಿ ಬ್ರಾಕೊನೊ ಎಂಬ ಫ್ರೆಂಚ್ ವಿದ್ವಾಂಸನು ಬೇರ್ಪಡಿಸಿದುದು ಏಡಿಯಿಂದಲ್ಲ, ಅಣಬೆಯಿಂದ. ಶಿಲೀಂಧ್ರದ ಕೋಶಭಿತ್ತಿಯಲ್ಲಿರುವುದೂ ಅದೇ ದ್ರವ್ಯ. ವ್ರಣದ ಚೂರಿನ ಮೇಲೆ ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ಹನಿ ಬಿಟ್ಟರೆ ಮನುಷ್ಯನ ಕೋಶಗಳು ಕರಗಿ, ಗಟ್ಟಿಭಿತ್ತಿಯ ಶಿಲೀಂಧ್ರದ ಎಳೆಗಳು ಮಾತ್ರ ಸೂಕ್ಷ್ಮದರ್ಶಕದಡಿ ಎದ್ದು ಕಾಣುತ್ತವೆ: ಅಗಲವಾಗಿ, ಅಡ್ಡಗೋಡೆಗಳು ವಿರಳವಾಗಿ, ಹೆಚ್ಚುಕಡಮೆ ಲಂಬಕೋನದಲ್ಲಿ ಕವಲೊಡೆದಿದ್ದರೆ ಮ್ಯೂಕರ್ ವರ್ಗವೆಂದು ಶಂಕಿಸಿ, ರೋಗಿಯನ್ನು ಆ ದಿನವೇ ರಾಯಚೂರಿಗೆ ಕಳುಹಿಸತಕ್ಕುದು. ಅದಕ್ಕೆ ಬೇಕಾದುದು ಗಾಜಿನ ಪಟ್ಟಿ, ಒಂದು ಹನಿ ಕ್ಷಾರ, ಸೂಕ್ಷ್ಮದರ್ಶಕ, ನೋಡಬಲ್ಲ ಒಬ್ಬ ತಂತ್ರಜ್ಞ. ಇಷ್ಟನ್ನು ದೇವದುರ್ಗದಲ್ಲಿಯೂ ಮಾನ್ವಿಯಲ್ಲಿಯೂ ಒದಗಿಸಲು ಯಾವ ಸ್ಪಂಜಿಗೂ ಕಾಯಬೇಕಾಗಿಲ್ಲ.