ರೊಟ್ಟಿಗೂ ಕ್ರಮ, ಬರಹಕ್ಕೂ ಕ್ರಮ



ಬಳ್ಳಾರಿ ಇರಲಿ, ಸಿರುಗುಪ್ಪ ಇರಲಿ, ಕುರುಗೋಡು ಇರಲಿ, ಜೋಳದ ರೊಟ್ಟಿ ಮಾಡುವ ಕ್ರಮ ಒಂದೇ. ಜೋಳದ ಹಿಟ್ಟಿಗೆ ಜಿಗುಟು ಕಡಿಮೆ. ಅದಕ್ಕೇ ಕುದಿಯೋ ನೀರು ಹಾಕಿ ನಾದ್ತೀವಿ. ತಟ್ಟಿ ಹೆಂಚಿಗೆ ಹಾಕ್ತೀವಿ. ಮೇಲೆ ನೀರು ಸವರ್ತೀವಿ. ಕ್ರಮ ತಪ್ಪಿದರೆ ರೊಟ್ಟಿ ಹರೀತದೆ. ಹೌದಲ್ರೀ?

ಬರಹಕ್ಕೂ ಕ್ರಮ ಬೇಕು. ಕಂಪ್ಯೂಟರ್ ಕೆಲಸ ಮಾಡುವ ನಮ್ಮ ಮಕ್ಕಳಿಗೂ ಇದೇ ಚಿಂತೆ. ಹಿಂದೆ ಒಂದು ಕಂಪ್ಯೂಟರಿನಲ್ಲಿ ಬರೆದ ಕನ್ನಡ ಎಷ್ಟೋ ಸಲ ಇನ್ನೊಂದರಲ್ಲಿ ಓದಲು ಬರುತ್ತಿರಲಿಲ್ಲ. ಒಬ್ಬೊಬ್ಬರದು ಒಂದೊಂದು ಲೆಕ್ಕ. 1991ರಲ್ಲಿ ಯೂನಿಕೋಡ್ ಎಂಬ ಕ್ರಮ ಬಂತು. ಅದರಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ. ನಮ್ಮ ‘ಕ’ ಅಕ್ಷರಕ್ಕೆ 3221. ಬಳ್ಳಾರಿಯಲ್ಲೂ ಅದೇ, ಅಮೆರಿಕದಲ್ಲೂ ಅದೇ.

ಅಕ್ಷರವೊಂದೇ ಸಾಲದು. ತಲೆಬರಹ ಯಾವುದು, ಪಟ್ಟಿ ಯಾವುದು ಎಂದು ಗುರುತು ಹಾಕಬೇಕು. ಈ ಗುರುತುಗಳಿಗೆ ಎಚ್‌ಟಿಎಂಎಲ್ ಎನ್ನುತ್ತಾರೆ. ಟಿಮ್ ಬರ್ನರ್ಸ್-ಲೀ ಎಂಬುವರು ಇದನ್ನು ಶುರು ಮಾಡಿದರು. ಎಲ್ಲರ ಗುರುತೂ ಒಂದೇ ಇರಲಿ ಎಂದು 1994ರಲ್ಲಿ ಸಂಸ್ಥೆ ಕಟ್ಟಿದರು. ಗುರುತು ಸರಿ ಇದ್ದರೆ ಕಣ್ಣು ಕಾಣದವರಿಗೂ ಕಂಪ್ಯೂಟರ್ ಓದಿ ಹೇಳುತ್ತದೆ, ಇದು ತಲೆಬರಹ, ಇದು ಪಟ್ಟಿ ಅಂತ. ಗುರುತು ತಪ್ಪಿದರೆ ಅವರು ತಡಕಾಡಬೇಕು.

ನಮ್ಮ ಎಷ್ಟೋ ಅವ್ವಂದಿರ ಕೈರುಚಿ ಅವರ ಜೊತೆಗೇ ಹೋಯ್ತು. ಬರೆದಿಡಲು ಅವರಿಗೆ ಅಕ್ಷರ ಬರುತ್ತಿರಲಿಲ್ಲ. ನಿಮಗೆ ಈಗ ಬರುತ್ತದೆ.

ಇವತ್ತು ರಾತ್ರಿ ರೊಟ್ಟಿ ಮಾಡುವ ಬಗೆ ಬರೀರಿ. ಮೇಲೆ ಹೆಸರು. ಅದರ ಕೆಳಗೆ ಬೇಕಾದ ಸಾಮಾನು. ಆಮೇಲೆ ಮಾಡುವ ಕ್ರಮ. ನಾಳೆ ಎಲ್ಲರೂ ಕೂಡಿ ಓದೋಣ.