‘ಅಕೌಂಟ್ಸ್‌ನಲ್ಲಿದೆ’ ಅಂದ ಆ ಐದು ತಿಂಗಳು

ಬಸ್ಸಲ್ಲಿ ನಿಂತ್ಕೊಂಡು ಕೇಳ್ತಿರೋರೂ ಇದ್ದೀರ ಅಂತ ಗೊತ್ತು. ಇವತ್ತು ದುಡ್ಡಿನ ಮಾತು.

ಕೆಲಸ ಬಿಟ್ಟು ಸ್ವಂತವಾಗಿ ದುಡಿಯೋಕೆ ಶುರು ಮಾಡಿ ಮೂರು ವರ್ಷ ಆಯ್ತು. ಪಾಡ್‌ಕಾಸ್ಟ್ ಹೊಟ್ಟೆ ತುಂಬಿಸಲ್ಲ, ವಾಯ್ಸ್ ಓವರ್ ಕೆಲಸ ತುಂಬಿಸುತ್ತೆ. ಮೊದಲ ವರ್ಷ ಒಂದು ಕಂಪನಿಗೆ 18,000 ರೂಪಾಯಿ ಕೆಲಸ ಮಾಡಿಕೊಟ್ಟೆ. ಬರೀ ವಾಟ್ಸ್‌ಆ್ಯಪ್ ಮಾತಿನ ಮೇಲೆ. ಐದು ತಿಂಗಳು ‘ಅಕೌಂಟ್ಸ್‌ನಲ್ಲಿದೆ’ ಅನ್ನೋದೊಂದೇ ಉತ್ತರ. ಒಂದನೇ ತಾರೀಖು ಬಂದ್ರೆ ಅಮ್ಮ, ‘ಬಂತೇನೋ?’ ‘ಬರುತ್ತಮ್ಮ’ ಅಂತ ಹೇಳಿ ಕ್ರೆಡಿಟ್ ಕಾರ್ಡ್‌ನಲ್ಲಿ ಮನೆ ಸಾಮಾನು ತರ್ತಿದ್ದೆ. ಕೊನೆಗೆ ಅವರ ಆಫೀಸಿಗೇ ಹೋಗಿ ಕೂತೆ. 10% ಟಿಡಿಎಸ್ ಮುರಿದು 16,200 ಬಂತು.

ನಾಚಿಕೆಯ ವಿಷಯ ಏನಂದ್ರೆ, ನಾನು ಬಿ.ಕಾಂ. 2006ರ ಎಂಎಸ್‌ಎಂಇ ಕಾಯ್ದೆ ಓದಿದ್ದೆ. ಅದು ನನ್ನಂಥ ಒಬ್ಬಂಟಿಗೂ ಅನ್ವಯಿಸುತ್ತೆ ಅಂತ ಹೊಳೆದಿರಲಿಲ್ಲ. ಉದ್ಯಮ್ ನೋಂದಣಿ ಉಚಿತ, ಆನ್‌ಲೈನ್‌ನಲ್ಲೇ ಆಗುತ್ತೆ. ದುಡ್ಡು ಕೇಳೋ ಏಜೆಂಟರನ್ನ ನಂಬಬೇಡಿ. ಕೆಲಸ ಒಪ್ಪಿಕೊಳ್ಳೋ ಮೊದಲೇ ಮಾಡಿಸಿ. ಲಿಖಿತ ಒಪ್ಪಂದ ಇದ್ದರೂ ಪಾವತಿ 45 ದಿನ ಮೀರುವಂತಿಲ್ಲ, ಇಲ್ಲದಿದ್ದರೆ 15 ದಿನ. ತಡವಾದರೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಈಗ ನನ್ನ ಪ್ರತಿ ಬಿಲ್ ಮೇಲೂ ಉದ್ಯಮ್ ನಂಬರ್ ಇರುತ್ತೆ. ಎಲ್ಲರೂ ಬೇಗ ಕೊಡ್ತಾರೆ ಅಂತಲ್ಲ, ಆದ್ರೆ ಕೇಳುವಾಗ ನನ್ನ ದನಿ ನಡುಗಲ್ಲ.

ಹೋದ ಬುಧವಾರ ಅಜ್ಜಿಯನ್ನ ಕಣ್ಣಿನ ಆಸ್ಪತ್ರೆಗೆ ಕರ್ಕೊಂಡು ಹೋದೆ. ಯಾರ ಹತ್ರನೂ ರಜೆ ಕೇಳಲಿಲ್ಲ. ಆ ದಿನದ ಸಂಪಾದನೆಯೂ ಇಲ್ಲ ಅನ್ನಿ. ಬರೋವಾಗ ಇಬ್ರೂ ಮಸಾಲೆ ದೋಸೆ ತಿಂದ್ವಿ.

ಮುಂದಿನ ವಾರ ಜಿಎಸ್‌ಟಿ ಬಗ್ಗೆ. ಸಿಗೋಣ.