ಕಪ್ಪು ಕೋಟು ತೊಡುವ ಮುನ್ನ

(ಸಂಸ್ಥೆಯ ವೃತ್ತಿ ಮಾರ್ಗದರ್ಶನ ಸಭೆಯಲ್ಲಿ ಮಾಡಿದ ಭಾಷಣ)



ಪಿಯುಸಿ ಫಲಿತಾಂಶ ಬಂದರೆ ನಮ್ಮ ಮನೆಗಳಲ್ಲಿ ಕೇಳಿಬರುವ ಮಾತು ಎರಡೇ: ಡಾಕ್ಟರ್, ಇಂಜಿನಿಯರ್. "ಸರ್, ನಾನು ವಕೀಲಿ ಓದಲೇ?" ಎನ್ನುವವರು ವರ್ಷಕ್ಕೆ ಒಬ್ಬರೋ ಇಬ್ಬರೋ. ಅವರಿಗೂ ನಾನು ಕೂಡಲೇ ಹೌದು ಎನ್ನುವುದಿಲ್ಲ. ಮೊದಲು ಹಣದ ಮಾತು ಎತ್ತುತ್ತೇನೆ.

ಪಿಯುಸಿ ನಂತರವಾದರೆ ಐದು ವರ್ಷ, ಪದವಿಯ ನಂತರವಾದರೆ ಮೂರು ವರ್ಷದ ಓದು. ಸನ್ನದು ಪಡೆಯುವ ಶುಲ್ಕಕ್ಕೆ ಹೆದರಬೇಕಿಲ್ಲ. ಸಾಮಾನ್ಯ ವರ್ಗದವರಿಂದ 750 ರೂಪಾಯಿಗಿಂತ ಹೆಚ್ಚು ಪಡೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದೆ. ಕಷ್ಟ ಶುರುವಾಗುವುದು ಆಮೇಲೆ. ಹಿರಿಯ ವಕೀಲರ ಕೈಕೆಳಗೆ ಕಡತ ಹೊರುವ ಮೊದಲ ವರ್ಷಗಳಲ್ಲಿ ಸಿಗುವ ಹಣ ಬಸ್ ಚಾರ್ಜಿಗೂ ಸಾಲದೆ ಹೋಗಬಹುದು. ನೇರವಾಗಿ ನ್ಯಾಯಾಧೀಶನಾಗುತ್ತೇನೆ ಎನ್ನುವವರೂ ಕೇಳಿ: ಸಿವಿಲ್ ನ್ಯಾಯಾಧೀಶರ ಪರೀಕ್ಷೆಗೆ ಮೂರು ವರ್ಷದ ವಕೀಲಿ ಅನುಭವ ಬೇಕೆಂದು ಅದೇ ನ್ಯಾಯಾಲಯ 2025ರಲ್ಲಿ ತೀರ್ಪಿತ್ತಿತು. ಐದಕ್ಕೆ ಮೂರು ಸೇರಿದರೆ ಎಂಟು. ಮನೆಯ ಒಲೆ ನಿಮ್ಮ ದುಡಿಮೆಯಿಂದಲೇ ಉರಿಯಬೇಕಾಗಿದ್ದರೆ ಈ ಲೆಕ್ಕವನ್ನು ಅಬ್ಬಾ, ಅಮ್ಮಿಯ ಮುಂದೆ ಕುಳಿತು ಮಾಡಿ. ಕಾನೂನು ಪದವೀಧರರಿಗೆ ಅಲ್ಪಸಂಖ್ಯಾತರ ಇಲಾಖೆಯ ಶಿಷ್ಯವೇತನದ ಯೋಜನೆಯಿದೆ. ಷರತ್ತುಗಳನ್ನು ಕಚೇರಿಯಲ್ಲೇ ವಿಚಾರಿಸಿ, ಯಾರೋ ಹೇಳಿದರೆಂದು ನಂಬಬೇಡಿ.

"ವಕೀಲಿ ಎಂದರೆ ಸುಳ್ಳಿನ ಕಸುಬು" ಎನ್ನುವ ಹಿರಿಯರು ಇಲ್ಲಿಯೂ ಇದ್ದಾರೆ. ಅವರಿಗೆ ನನ್ನದೊಂದು ಪುಟ್ಟ ಅನುಭವ.

ಒಮ್ಮೆ ವಕೀಲರೊಬ್ಬರು ನಿಜಾಮರ ಕಾಲದ ಜಮೀನಿನ ಕಾಗದವೊಂದನ್ನು ಓದಿಸಲು ನನ್ನ ಬಳಿ ತಂದರು. ಕಲಬುರಗಿ, ಬೀದರ್, ರಾಯಚೂರು ಕಡೆಯ ಹಳೆಯ ದಾಖಲೆಗಳು ಉರ್ದುವಿನಲ್ಲಿರುವುದು ನಿಮಗೆ ಗೊತ್ತೇ ಇದೆ. ಶಿಕಸ್ತಾ ಬರಹ, ಅಕ್ಷರಗಳು ಒಂದರ ಮೇಲೊಂದು ಬಿದ್ದಂತೆ. ಎರಡು ಸಂಜೆ ಹಿಡಿಯಿತು. ಅದರಲ್ಲಿ 1340 ಎಂದಿತ್ತು. ಮನೆಯವರು ಅದನ್ನು ಹಿಜರಿ ಎಂದು ತಿಳಿದು 1921 ಎಂದು ಲೆಕ್ಕ ಹಾಕಿದ್ದರು. ಆದರೆ ಅದು ಫಸಲಿ. 590 ಕೂಡಿಸಿದರೆ 1930. ಒಂಬತ್ತು ವರ್ಷದ ಅಂತರ! ಅಷ್ಟರಲ್ಲಿ ಹೊಲ ಯಾರ ಕೈಗಾದರೂ ಹೋಗಿರಬಹುದು. ಅದನ್ನು ಸರಿಯಾಗಿ ಓದಿ ಹೇಳುವುದರಲ್ಲಿ ಸುಳ್ಳೆಲ್ಲಿದೆ?

ನನ್ನನ್ನು ಕಾಡಿದ್ದು ಬೇರೆಯೇ. ಆ ವಕೀಲರಿಗೆ ಉರ್ದು ಬಾರದು, ನನಗೆ ಕಾನೂನು ಬಾರದು. ಎರಡೂ ಬಲ್ಲವರು ನಮ್ಮ ಈ ಬೆಂಚುಗಳಲ್ಲಿ ಕುಳಿತಿರಬಹುದಲ್ಲವೇ? ನಮ್ಮ ತಾಲ್ಲೂಕು ನ್ಯಾಯಾಲಯಗಳಲ್ಲಿ ಸಾಕ್ಷಿ ದಖ್ಖನಿಯಲ್ಲಿ ಹೇಳಿದ್ದು ಕನ್ನಡದಲ್ಲಿ ದಾಖಲಾಗುತ್ತದೆ. ನಡುವೆ ಏನು ಕಳೆದುಹೋಯಿತೆಂದು ಹಿಡಿಯಬಲ್ಲವರು ನೀವೇ. ಆದರೆ ಇಂಗ್ಲಿಷ್ ಬಿಡುವಂತಿಲ್ಲ. ಹೈಕೋರ್ಟಿಗೂ ಅದು ಬೇಕು, ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿಗೂ ಅದು ಬೇಕು. ಅಲ್ಲಿಗೆ ಸೇರಿಸುವ ಕ್ಲಾಟ್ ಪರೀಕ್ಷೆಯಲ್ಲಿ 120 ಪ್ರಶ್ನೆ, ಎರಡೇ ಗಂಟೆ, ಎಲ್ಲವೂ ಇಂಗ್ಲಿಷಿನಲ್ಲಿ. ಇಂದಿನಿಂದಲೇ ದಿನಕ್ಕೊಂದು ಸಂಪಾದಕೀಯ ಓದಿ.

ಹೆಣ್ಣುಮಕ್ಕಳ ತಂದೆಯರಿಗೆ ಒಂದು ಮಾತು. ಕೇರಳದ ಫಾತಿಮಾ ಬೀವಿಯವರಿಗೆ ಕಾನೂನು ಓದು ಎಂದು ಒತ್ತಾಯಿಸಿದವರು ಅವರ ತಂದೆಯೇ. 1950ರಲ್ಲಿ ವಕೀಲರಾದ ಆಕೆ 1989ರಲ್ಲಿ ಸುಪ್ರೀಂ ಕೋರ್ಟಿನ ಮೊದಲ ಮಹಿಳಾ ನ್ಯಾಯಮೂರ್ತಿಯಾದರು. ನಡುವೆ 39 ವರ್ಷಗಳಿವೆ, ಅದನ್ನೂ ಗಮನಿಸಿ.

ಇನ್ನೂ ತೀರ್ಮಾನವಾಗದವರು ರಜೆಯಲ್ಲಿ ಒಂದು ದಿನ ನ್ಯಾಯಾಲಯಕ್ಕೆ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತು ಬನ್ನಿ. ಸಿನಿಮಾದ ವಾದ ಅಲ್ಲಿ ಕೇಳಿಸದು. ಮುಂದಿನ ತಾರೀಖು, ಮುಂದಿನ ತಾರೀಖು ಎಂಬುದೇ ಹೆಚ್ಚು. ಮಧ್ಯಾಹ್ನಕ್ಕೇ ಎದ್ದು ಬಂದರೆ ನಾಚಿಕೆಪಡಬೇಡಿ, ಬೇರೆ ಓದು ಬೇಕಾದಷ್ಟಿದೆ. ಸಂಜೆಯವರೆಗೂ ಕುಳಿತು, "ಸರ್, ಆ ಮುದುಕಿಯ ಕೇಸು ಮುಂದೇನಾಗುತ್ತದೆ?" ಎಂದು ಕೇಳಿಕೊಂಡು ಬಂದವರಿದ್ದರೆ, ಅರ್ಜಿಯನ್ನು ನಾವಿಬ್ಬರೂ ಕುಳಿತು ತುಂಬೋಣ.